ವಂಶದೊಡನೆ ಬರುವ ಕುರುಡು

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಉತ್ಸವದಲ್ಲಿ ನಾಯಿಗಳ ಕಣ್ಣುಬೇನೆಯ ವಿಷಯವೇಕೆ ಎಂದು ತಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿದೆ. ತಂದೆತಾಯಿಗಳಿಬ್ಬರ ಕಣ್ಣೂ ಚೆನ್ನಾಗಿರುವಾಗ ಅವರಿಗೆ ಹುಟ್ಟಿದ ಮರಿಗೆ ಕುರುಡು ಬರುವುದು ಹೇಗೆ? ಅದನ್ನು ಮುಂಚಿತವಾಗಿ ಅರಿಯುವ ದಾರಿಯುಂಟೇ? ಅರಿತ ಮೇಲೆ ಮಾಡತಕ್ಕದ್ದೇನು? ಈ ಮೂರು ಪ್ರಶ್ನೆಗಳು ನಾಯಿಗಳನ್ನು ಕುರಿತವೇ ಆದರೂ ಅವುಗಳ ಉತ್ತರವು ನಮ್ಮ ಮನೆಗಳ ಹೊಸ್ತಿಲವರೆಗೂ ಬಂದು ಮುಟ್ಟುತ್ತದೆ. ಆದುದರಿಂದ ತಾವೆಲ್ಲರೂ ತುಸು ತಾಳ್ಮೆಯಿಂದ ಆಲಿಸಬೇಕೆಂದು ಬೇಡಿಕೊಳ್ಳುತ್ತೇವೆ.

ಮೊದಲು ಶುದ್ಧತಳಿಯ ನಾಯಿ, ಅಂದರೆ ಜನರು ಜಾತಿನಾಯಿ ಎಂದು ಕರೆಯುವ ನಾಯಿ ಎಂದರೇನು ಎಂಬುದನ್ನು ನೋಡೋಣ. ನಾಯಿ ಮನುಷ್ಯನ ಬೆನ್ನುಹತ್ತಿ ಬಂದು ಸಾವಿರಾರು ವರ್ಷಗಳಾದುವು. ಕುರಿ ಕಾಯಲು ಒಂದು ಬಗೆ, ಬೇಟೆಗೆ ಒಂದು ಬಗೆ, ಮನೆ ಕಾಯಲು ಮತ್ತೊಂದು ಬಗೆ ಎಂದು ಜನರು ಬಹು ಹಿಂದಿನಿಂದಲೂ ಆರಿಸಿ ಸಾಕುತ್ತಿದ್ದರು. ಆದರೆ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುವ ಕ್ರಮವು ಈಚಿನದು. ಇಂಗ್ಲೆಂಡಿನಲ್ಲಿ ೧೮೭೩ರಲ್ಲಿ ಕೆನಲ್ ಕ್ಲಬ್ ಎಂಬ ಸಂಸ್ಥೆ ಸ್ಥಾಪನೆಗೊಂಡಿತು. ಇಂಥ ನಾಯಿಗೆ ಇಂಥದೇ ತಂದೆ, ಇಂಥದೇ ತಾಯಿ ಎಂದು ದಾಖಲೆ ಮಾಡುವ ಪದ್ಧತಿಯು ಅಲ್ಲಿಂದ ಮುಂದೆ ಬಲಗೊಂಡಿತು. ತಂದೆತಾಯಿಗಳಿಬ್ಬರ ಹೆಸರೂ ಪುಸ್ತಕದಲ್ಲಿದ್ದರೆ ಮಾತ್ರ ಮರಿಯ ಹೆಸರು ಪುಸ್ತಕವನ್ನು ಸೇರುವುದು. ಹೊರಗಿನ ರಕ್ತಕ್ಕೆ ಪ್ರವೇಶವಿಲ್ಲ. ಇದೇ ಶುದ್ಧತಳಿ ಎಂಬುದರ ತಾತ್ಪರ್ಯ.

ಈ ಪದ್ಧತಿಯಿಂದ ನಾಯಿಗಳ ರೂಪವೂ ಗುಣವೂ ಸ್ಥಿರವಾದುವೆಂಬುದು ನಿಜ. ಆದರೆ ಇದರಲ್ಲೊಂದು ಅಪಾಯವೂ ಅಡಗಿತ್ತು. ಪ್ರದರ್ಶನದಲ್ಲಿ ಬಹುಮಾನ ಗೆದ್ದ ಒಂದು ಗಂಡುನಾಯಿಯನ್ನೇ ನೂರಾರು ಹೆಣ್ಣುಗಳಿಗೆ ಕೂಡಿಸುವರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಆ ತಳಿಯ ಬಹುಪಾಲು ನಾಯಿಗಳು ಒಂದೇ ಅಜ್ಜನ ಮೊಮ್ಮಕ್ಕಳಾಗಿಬಿಡುವುವು. ಆ ಅಜ್ಜನ ಚೆಲುವು ಎಲ್ಲ ಕಡೆಗೂ ಹರಡುವಂತೆ, ಅವನಲ್ಲಿ ಯಾರ ಕಣ್ಣಿಗೂ ಬೀಳದೆ ಅಡಗಿದ್ದ ದೋಷವೂ ಎಲ್ಲ ಕಡೆಗೂ ಹರಡುವುದು.

ಇನ್ನು ಕಣ್ಣಿನ ವಿಚಾರ. ಕಣ್ಣಿನ ಹಿಂಭಾಗದಲ್ಲಿ ಕಾಗದದಷ್ಟು ತೆಳುವಾದ ಒಂದು ಪರದೆಯಿದೆ. ಅದಕ್ಕೆ ಅಕ್ಷಿಪಟವೆಂದು ಹೆಸರು. ಹೊರಗಿನ ಬಿಂಬವು ಬಂದು ಮೂಡುವುದು ಅಲ್ಲಿಯೇ. ಅದರಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಎರಡು ಬಗೆಯವು. ಕೋಲಿನ ಆಕಾರದವು ದಂಡಕೋಶಗಳು. ಅವು ಮಸುಕು ಬೆಳಕಿನಲ್ಲಿ ಕೆಲಸಮಾಡುವುವು. ಮೊನಚಾದ ಆಕಾರದವು ಶಂಕುಕೋಶಗಳು. ಅವು ಹಗಲಿನ ಬೆಳಕನ್ನೂ ಬಣ್ಣವನ್ನೂ ತಿಳಿಸುವುವು. ನಾವು ಇಂದು ಹೇಳಹೊರಟಿರುವ ರೋಗದಲ್ಲಿ ಮೊದಲು ದಂಡಕೋಶಗಳು ಸಾಯುತ್ತವೆ, ಅನಂತರ ಶಂಕುಕೋಶಗಳೂ ಅವುಗಳ ದಾರಿ ಹಿಡಿಯುತ್ತವೆ. ಆದಕಾರಣ ನಾಯಿಗೆ ಮೊದಲು ಇರುಳುಗುರುಡು ಬರುವುದು, ಆಮೇಲೆ ಹಗಲೂ ಕಾಣದಾಗುವುದು. ಪಶುವೈದ್ಯರು ಇದನ್ನು ಅಕ್ಷಿಪಟದ ಕ್ರಮಕ್ಷಯವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಈ ರೋಗದಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಸಂಜೆಯಾದರೆ ಮೆಟ್ಟಿಲಿಳಿಯಲು ನಾಯಿ ಹಿಂಜರಿಯುವುದು; ಕತ್ತಲೆಯಲ್ಲಿ ಹೊರಗೆ ಹೋಗಲೊಲ್ಲದು; ಪಾಪೆಗಳು ಅಗಲವಾಗಿ ತೆರೆದೇ ಇರುವುವು; ದೀಪದ ಬೆಳಕು ಬಿದ್ದರೆ ಕಣ್ಣು ಮೊದಲಿಗಿಂತ ಹೆಚ್ಚಾಗಿ ಹೊಳೆಯುವುದು. ನಾಯಿಗೆ ಮೂಗೂ ಕಿವಿಯೂ ಬಹಳ ಚುರುಕು. ಆದುದರಿಂದ ತಾನು ಬಲ್ಲ ಮನೆಯೊಳಗೆ ಅದು ಕುರುಡಾದ ಮೇಲೂ ಸಲೀಸಾಗಿ ಓಡಾಡುತ್ತಿರುವುದುಂಟು. ಮನೆಯವರು ಮಂಚವನ್ನೋ ಮೇಜನ್ನೋ ಸ್ಥಳ ಬದಲಿಸಿದ ದಿನ ಅದು ಹೋಗಿ ಢಿಕ್ಕಿ ಹೊಡೆಯುವುದು. ಆಗಲೇ ಯಜಮಾನನಿಗೆ ವಿಷಯ ತಿಳಿಯುವುದು.

೧೯೧೧ರಲ್ಲಿ ಸ್ವೀಡನ್ ದೇಶದ ಮಾಗ್ನುಸನ್ ಎಂಬ ವಿದ್ವಾಂಸರು ಗೋರ್ಡನ್ ಸೆಟರ್ ಎಂಬ ಬೇಟೆನಾಯಿಗಳಲ್ಲಿ ಈ ರೋಗವನ್ನು ವರ್ಣಿಸಿದರು. ಇದಕ್ಕೂ ರಕ್ತಸಂಬಂಧದೊಳಗಿನ ಕೂಡಿಕೆಗೂ ಇರುವ ನಂಟನ್ನು ಅವರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿಯೇ ಸೂಚಿಸಿದ್ದರು. ಮುಂದೆ ೧೯೪೦ರ ದಶಕದಲ್ಲಿ ಇಂಗ್ಲೆಂಡಿನ ಐರಿಷ್ ಸೆಟರ್ ಎಂಬ ಕೆಂಪು ಬಣ್ಣದ ಚೆಲುವಾದ ನಾಯಿಗಳಲ್ಲಿ ಇದೇ ಬಗೆಯ ರೋಗ ವ್ಯಾಪಿಸಿರುವುದು ಬೆಳಕಿಗೆ ಬಂದಿತು. ಎರಡು ತಿಂಗಳ ಎಳೆಯ ಮರಿಗೇ ಇರುಳುಗುರುಡು. ಹೆಚ್ಚುಕಡಿಮೆ ವರ್ಷ ತುಂಬುವ ಹೊತ್ತಿಗೆ ಪೂರಾ ಕುರುಡು. ವಿಚಿತ್ರವೆಂದರೆ, ಅಂಥ ಮರಿಗಳ ತಂದೆತಾಯಿಗಳು ಸಾಮಾನ್ಯವಾಗಿ ಹದ್ದಿನ ಕಣ್ಣಿನ ನಾಯಿಗಳೇ ಆಗಿದ್ದುವು.

ಈ ವಿಚಿತ್ರದ ಒಗಟನ್ನು ಒಡೆಯುವ ಕೀಲಿಕೈ ಆಸ್ಟ್ರಿಯಾದ ಪಾದ್ರಿ ಗ್ರೆಗೋರ್ ಮೆಂಡೆಲನು ಬಟಾಣಿ ಗಿಡಗಳನ್ನು ಬೆಳೆದು ೧೮೬೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ವಿದ್ಯಾರ್ಥಿಗಳೇ, ನಿಮ್ಮ ಪಾಠಪುಸ್ತಕದಲ್ಲಿ ಬರುವ ಆ ಉದ್ದ ಗಿಡ, ಗಿಡ್ಡ ಗಿಡಗಳ ಲೆಕ್ಕವನ್ನು ಸ್ಮರಿಸಿಕೊಳ್ಳಿರಿ. ಪ್ರಾಣಿಯ ಒಂದೊಂದು ಗುಣಕ್ಕೂ ಸಂಬಂಧಪಟ್ಟ ಸೂಚನೆಗಳು ಅದರ ಕೋಶಗಳಲ್ಲಿ ಜೋಡಿಯಾಗಿರುತ್ತವೆ. ಒಂದು ಪ್ರತಿ ತಂದೆಯದು, ಒಂದು ಪ್ರತಿ ತಾಯಿಯದು. ಇವುಗಳನ್ನೇ ಜೀನುಗಳೆಂದು ಕರೆಯುತ್ತಾರೆ. ಎರಡರಲ್ಲಿ ಒಂದು ಪ್ರತಿ ಕೆಟ್ಟಿದ್ದು ಇನ್ನೊಂದು ಚೆನ್ನಾಗಿದ್ದರೆ, ಅನೇಕ ಸಂದರ್ಭಗಳಲ್ಲಿ ಆ ಒಂದೇ ಒಳ್ಳೆಯ ಪ್ರತಿಯಿಂದ ಕೆಲಸ ಸಾಗುತ್ತದೆ. ಅಂಥ ಪ್ರಾಣಿಗೆ ರೋಗವಿಲ್ಲ. ಆದರೆ ಅದು ರೋಗದ ವಾಹಕ. ಅದು ತನ್ನ ಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಆ ಕೆಟ್ಟ ಪ್ರತಿಯನ್ನು ಕೊಟ್ಟುಹೋಗುವುದು. ಇಬ್ಬರು ವಾಹಕರು ಕೂಡಿದಾಗ ಹುಟ್ಟುವ ಪ್ರತಿಯೊಂದು ಮರಿಗೂ ಎರಡೂ ಕೆಟ್ಟ ಪ್ರತಿಗಳೇ ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ಆ ಮರಿಯೇ ಕುರುಡಾಗುವುದು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ನಿಜವಾದುದೇ. ಆದರೆ ಮಗ್ಗದ ಊರುಗಳನ್ನು ಬಲ್ಲ ನಮ್ಮ ಜನರಿಗೆ ಇನ್ನೊಂದು ಸಂಗತಿಯೂ ಗೊತ್ತಿದೆ. ಜೋಡಿ ಎಳೆಯ ನೂಲಿನಲ್ಲಿ ಒಂದು ಎಳೆ ಕಡಿದಿದ್ದರೂ ಬಟ್ಟೆ ಮೇಲ್ನೋಟಕ್ಕೆ ನೆಟ್ಟಗೇ ಕಾಣುವುದು. ಎರಡೂ ಎಳೆಗಳು ಒಂದೇ ಕಡೆ ಕಡಿದಾಗ ಮಾತ್ರ ತೂತು ಬೀಳುವುದು. ವಾಹಕನೆಂದರೆ ಒಂದು ಎಳೆ ಕಡಿದ ಬಟ್ಟೆ. ರೋಗಿಯೆಂದರೆ ಎರಡೂ ಕಡಿದ ಬಟ್ಟೆ. ಸಂಬಂಧವಿಲ್ಲದ ಇಬ್ಬರಲ್ಲಿ ಒಂದೇ ಕಡೆಯ ಎಳೆ ಕಡಿದಿರುವುದು ಅಪರೂಪ. ಒಬ್ಬನೇ ಅಜ್ಜನ ವಂಶದವರಿಬ್ಬರಲ್ಲಿ ಅದು ಅಷ್ಟು ಅಪರೂಪವಲ್ಲ.

ಹಾಗಾದರೆ ಕಣ್ಣು ಚೆನ್ನಾಗಿರುವ ನಾಯಿಯೊಂದು ವಾಹಕವೋ ಅಲ್ಲವೋ ಎಂದು ತಿಳಿಯುವುದೆಂತು? ಬಹುಕಾಲದವರೆಗೆ ಅದಕ್ಕೆ ಇದ್ದುದು ಒಂದೇ ದಾರಿ, ಅದೂ ಕ್ರೂರವಾದ ದಾರಿ. ಸಂಶಯವಿದ್ದ ನಾಯಿಯನ್ನು ಕುರುಡಾದ ನಾಯಿಯೊಡನೆ ಕೂಡಿಸಿ, ಹುಟ್ಟಿದ ಮರಿಗಳಿಗೆ ಕುರುಡು ಬರುವುದೋ ಎಂದು ಕಾದುನೋಡುವುದು. ಇಂಗ್ಲೆಂಡಿನ ಸೆಟರ್ ಸಾಕಣೆಗಾರರು ಈ ಪರೀಕ್ಷೆಯನ್ನೇ ನಡೆಸಿದರು. ಇದರ ಲೆಕ್ಕವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಯೇ ಮಾಡಬಹುದು. ನಾಯಿ ವಾಹಕವಾಗಿದ್ದರೆ ಒಂದೊಂದು ಮರಿಗೂ ಕುರುಡು ಬರುವ ಸಂಭವ ಅರ್ಧ, ಬಾರದಿರುವ ಸಂಭವವೂ ಅರ್ಧ. ಎರಡು ಮರಿಗಳೂ ಚೆನ್ನಾಗಿರುವ ಸಂಭವ ನಾಲ್ಕರಲ್ಲೊಂದು. ಮೂರೂ ಚೆನ್ನಾಗಿರುವುದು ಎಂಟರಲ್ಲೊಂದು. ಆರೂ ಚೆನ್ನಾಗಿರುವುದು ೬೪ರಲ್ಲೊಂದು. ಆದುದರಿಂದ ಆರು ಮರಿಗಳಿಗೂ ಕಣ್ಣು ಸರಿಯಾಗಿದ್ದರೆ ಆ ನಾಯಿ ಬಹುಮಟ್ಟಿಗೆ ನಿರ್ದೋಷಿಯೆಂದು ನಂಬಬಹುದು. ಒಂದು ಮರಿ ಕುರುಡಾದರೂ ಅದು ವಾಹಕವೆಂಬುದು ಖಚಿತವಾಯಿತು. ಆದರೆ ಈ ಲೆಕ್ಕಕ್ಕೆ ತೆತ್ತ ಬೆಲೆಯನ್ನೂ ಗಮನಿಸಿರಿ. ಕುರುಡಾಗಬಹುದೆಂದು ತಿಳಿದೂ ತಿಳಿದೂ ಮರಿಗಳನ್ನು ಹುಟ್ಟಿಸಬೇಕಾಯಿತು. ಕುರುಡಾಗದೆ ಉಳಿದ ಮರಿಗಳೂ ತಪ್ಪದೆ ವಾಹಕಗಳೇ ಆದುವು.

ಈ ಕತ್ತಲೆಗೆ ದೀಪ ಬಂದುದು ೧೯೯೩ರಲ್ಲಿ. ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ನೀಳವಾದ ಎಳೆಯಿದ್ದು, ಅದರಲ್ಲಿ ನಾಲ್ಕೇ ನಾಲ್ಕು ಅಕ್ಷರಗಳ ಲಿಪಿಯಲ್ಲಿ ಜೀವದ ಸೂಚನೆಗಳೆಲ್ಲ ಬರೆದಿರುತ್ತವೆ ಎಂದು ತಿಳಿಯಿರಿ. ನಾಯಿಯ ಈ ಗ್ರಂಥದಲ್ಲಿ ಸುಮಾರು ೨೪೦ ಕೋಟಿ ಅಕ್ಷರಗಳಿವೆ. ಟಾಶಾ ಎಂಬ ಬಾಕ್ಸರ್ ತಳಿಯ ಹೆಣ್ಣುನಾಯಿಯೊಂದರ ಗ್ರಂಥವನ್ನು ವಿಜ್ಞಾನಿಗಳು ಬಹುಮಟ್ಟಿಗೆ ಪೂರ್ಣವಾಗಿ ಓದಿ ೨೦೦೫ರಲ್ಲಿ ಪ್ರಕಟಿಸಿದರು. ಅದಕ್ಕೂ ಹನ್ನೆರಡು ವರ್ಷ ಮೊದಲೇ, ಐರಿಷ್ ಸೆಟರ್ ನಾಯಿಗಳ ಕುರುಡಿಗೆ ಕಾರಣವಾದ ತಪ್ಪನ್ನು ಅಮೆರಿಕದ ವಿಜ್ಞಾನಿಗಳು ಹುಡುಕಿ ತೆಗೆದಿದ್ದರು. ಆ ತಪ್ಪು ಎಷ್ಟು ದೊಡ್ಡದೆಂದರೆ ಒಂದೇ ಒಂದು ಅಕ್ಷರದ್ದು! ಒಂದು ಅಕ್ಷರವಿರಬೇಕಾದ ಕಡೆ ಇನ್ನೊಂದು ಬಂದು ಕುಳಿತುದರಿಂದ, ಸೂಚನೆಯ ನಡುವೆಯೇ ಪೂರ್ಣವಿರಾಮ ಬಿದ್ದಂತಾಗಿತ್ತು. ಮುಂದಿನ ಮಾತನ್ನು ಕೋಶವು ಓದಲೇ ಇಲ್ಲ.

ಇದರ ಪರಿಣಾಮವೇನು? ದಂಡಕೋಶದೊಳಗೆ ಒಂದು ರಾಸಾಯನಿಕ ವಸ್ತು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಬೆಳಕು ಬಿದ್ದಾಗ ಅದನ್ನು ಒಡೆದುಹಾಕುವ ಒಂದು ಕಿಣ್ವ ಅಲ್ಲಿದೆ. ಆ ಏರಿಳಿತವೇ ಬೆಳಕು ಬಂತೆಂಬ ವಾರ್ತೆ. ಸೂಚನೆ ಅರ್ಧಕ್ಕೆ ನಿಂತುದರಿಂದ ಆ ಕಿಣ್ವವು ಸರಿಯಾಗಿ ಆಗಲಿಲ್ಲ. ಬಚ್ಚಲ ಮೋರಿ ಕಟ್ಟಿಕೊಂಡರೆ ನೀರು ನಿಂತು ಗೋಡೆಯೇ ಕೆಡುವಂತೆ, ಆ ವಸ್ತು ಕೋಶದಲ್ಲಿ ತುಂಬಿಕೊಂಡು ಕೋಶವೇ ಸತ್ತುಹೋಗುವುದು. ಅದೇ ವರ್ಷ ಇಂಗ್ಲೆಂಡಿನ ವಿಜ್ಞಾನಿಗಳು ತಮ್ಮ ನಾಡಿನ ಸೆಟರ್ ನಾಯಿಗಳಲ್ಲಿಯೂ ಇದೇ ತಪ್ಪನ್ನು ಕಂಡು, ರೋಗನಿರ್ಣಯದ ಪರೀಕ್ಷೆಯೊಂದನ್ನು ಸಿದ್ಧಗೊಳಿಸಿದರು. ಅದೇ ೧೯೯೩ರಲ್ಲಿ, ಇದೇ ಜೀನಿನಲ್ಲಿ ಬೇರೆ ತಪ್ಪುಗಳಿರುವ ಮನುಷ್ಯರಿಗೂ ಇಂಥದೇ ಕುರುಡು ಬರುವುದೆಂಬುದು ಪ್ರಕಟವಾಯಿತು. ನಾಯಿಯ ಕಣ್ಣೂ ನಮ್ಮ ಕಣ್ಣೂ ಎಷ್ಟು ಹತ್ತಿರದ ನಂಟರು ಎಂಬುದನ್ನು ಇದರಿಂದ ಊಹಿಸಬಹುದು.

ಪರೀಕ್ಷೆಯ ವಿಧಾನ ಸುಲಭವಾದುದು. ನಾಯಿಯ ಕೆನ್ನೆಯ ಒಳಭಾಗವನ್ನು ಸಣ್ಣ ಕುಂಚದಿಂದ ಒರೆಸಿಯೋ, ಒಂದಿಷ್ಟು ರಕ್ತ ತೆಗೆದೋ ಪ್ರಯೋಗಾಲಯಕ್ಕೆ ಕಳಿಸುವುದು. ಅಲ್ಲಿ ಆ ಒಂದು ಸ್ಥಾನದ ಅಕ್ಷರ ಯಾವುದೆಂದು ಓದುತ್ತಾರೆ. ಡಿ.ಎನ್.ಎ. ಹುಟ್ಟಿದಾಗ ಇದ್ದಂತೆಯೇ ಕಡೆತನಕ ಇರುವುದರಿಂದ, ಎಳೆಯ ಮರಿಯಾಗಿರುವಾಗಲೇ ಪರೀಕ್ಷೆ ಮಾಡಬಹುದು. ಬರುವ ಉತ್ತರ ಮೂರು ಬಗೆಯದು: ಎರಡು ಪ್ರತಿಯೂ ಚೆನ್ನಾಗಿರುವ ನಿರ್ದೋಷಿ, ಒಂದು ಕೆಟ್ಟಿರುವ ವಾಹಕ, ಎರಡೂ ಕೆಟ್ಟಿರುವ ರೋಗಿ.

ಇನ್ನು ಉತ್ತರ ತಿಳಿದ ಮೇಲೆ ಮಾಡತಕ್ಕದ್ದೇನು? ಇಲ್ಲಿ ಅವಸರದ ಬುದ್ಧಿಯು, ವಾಹಕಗಳನ್ನೆಲ್ಲ ತಳಿಯಿಂದ ಹೊರಗೆ ಹಾಕಿಬಿಡಿ ಎನ್ನುತ್ತದೆ. ವಿಜ್ಞಾನವು ಹಾಗೆ ಹೇಳುವುದಿಲ್ಲ. ನಿರ್ದೋಷಿಯೊಡನೆ ನಿರ್ದೋಷಿ ಕೂಡಿದರೆ ಮರಿಗಳೆಲ್ಲವೂ ನಿರ್ದೋಷಿಗಳು. ನಿರ್ದೋಷಿಯೊಡನೆ ವಾಹಕ ಕೂಡಿದರೆ ಸರಾಸರಿ ಅರ್ಧ ನಿರ್ದೋಷಿಗಳು, ಅರ್ಧ ವಾಹಕಗಳು. ಕುರುಡು ಮರಿ ಒಂದೂ ಇಲ್ಲ. ವಾಹಕದೊಡನೆ ವಾಹಕ ಕೂಡಿದಾಗಲೇ ಕುರುಡಿನ ಭಯ. ಆದುದರಿಂದ ನಿಯಮವಿಷ್ಟೇ: ಜೋಡಿಯಲ್ಲಿ ಒಬ್ಬರಾದರೂ ನಿರ್ದೋಷಿಯಾಗಿರಬೇಕು. ಈ ಒಂದು ನಿಯಮ ಪಾಲಿಸಿದರೆ ಆ ರೋಗದ ಮರಿ ಹುಟ್ಟುವುದೇ ಇಲ್ಲ. ವಾಹಕ ನಾಯಿಯ ಒಳ್ಳೆಯ ಗುಣಗಳೂ ತಳಿಗೆ ಉಳಿಯುತ್ತವೆ. ಎಲ್ಲ ವಾಹಕಗಳನ್ನೂ ಒಮ್ಮೆಲೇ ತೆಗೆದುಹಾಕಿದರೆ ಉಳಿಯುವ ನಾಯಿಗಳು ಕೆಲವೇ ಆಗಿ, ಅವುಗಳಲ್ಲಿಯೇ ಮತ್ತೆ ಮತ್ತೆ ಕೂಡಿಕೆ ನಡೆದು, ಮತ್ತೊಂದು ಅಡಗಿದ ದೋಷ ತಲೆಯೆತ್ತುವುದು. ಒಂದು ಕೊಳೆತ ಕಾಳಿಗಾಗಿ ಹಗೇವನ್ನೇ ಬರಿದುಮಾಡಿದಂತೆ ಆದೀತು.

ಸೆಟರ್ ನಾಯಿಯ ರೋಗ ಎಳವೆಯಲ್ಲಿಯೇ ಕಾಣುವುದು. ಅದಕ್ಕಿಂತ ಕಪಟಿಯಾದ ಇನ್ನೊಂದು ಬಗೆಯೂ ಉಂಟು. ನಮ್ಮ ಪಟ್ಟಣಗಳಲ್ಲಿ ಇಂದು ಅನೇಕರು ಸಾಕುವ ಲ್ಯಾಬ್ರಡಾರ್, ಹಾಗೆಯೇ ಪೂಡಲ್, ಕಾಕರ್ ಸ್ಪಾನಿಯಲ್ ಮೊದಲಾದ ಹಲವು ತಳಿಗಳಲ್ಲಿ ಅದು ಇದೆ. ಇದರಲ್ಲಿ ನಾಯಿ ಮೂರು, ನಾಲ್ಕು, ಐದು ವರ್ಷದವರೆಗೂ ಚೆನ್ನಾಗಿ ಕಾಣುತ್ತಿರುವುದು. ಅಷ್ಟರಲ್ಲಿ ಅದು ಎರಡು ಮೂರು ಸೂಲಿನ ಮರಿಗಳಿಗೆ ತಂದೆಯೋ ತಾಯಿಯೋ ಆಗಿಬಿಟ್ಟಿರುತ್ತದೆ. ವೈದ್ಯರು ಎರಡನೆಯ ವರ್ಷದಲ್ಲಿ ಕಣ್ಣು ನೋಡಿ ಸರಿಯಾಗಿದೆ ಎಂದು ಬರೆದುಕೊಟ್ಟುದು ಸುಳ್ಳಲ್ಲ. ಆದರೆ ಅದು ಆ ದಿನದ ಸತ್ಯ ಮಾತ್ರ. ಇದರ ಮೂಲವನ್ನು ೨೦೦೬ರಲ್ಲಿ ಕಂಡುಹಿಡಿದರು. ಇಲ್ಲಿಯೂ ತಪ್ಪು ಒಂದೇ ಅಕ್ಷರದ್ದು. ಅಷ್ಟೇ ಅಲ್ಲ, ಅಕ್ಷರಶಃ ಅದೇ ತಪ್ಪು ಇರುಳುಗುರುಡಿನ ಒಬ್ಬ ಮನುಷ್ಯ ರೋಗಿಯಲ್ಲಿಯೂ ದೊರೆಯಿತು. ಕಣ್ಣಿಗೆ ಕಾಣುವ ಮೊದಲೇ ತಿಳಿಸಬಲ್ಲ ಡಿ.ಎನ್.ಎ. ಪರೀಕ್ಷೆಯ ನಿಜವಾದ ಬೆಲೆ ಇಂಥ ರೋಗದಲ್ಲಿ ಗೊತ್ತಾಗುತ್ತದೆ. ಬ್ರಿಟನ್ನಿನ ಎಂಟು ತಳಿಗಳಲ್ಲಿ ಎಂಟು ಆನುವಂಶಿಕ ರೋಗಗಳ ಲೆಕ್ಕ ತೆಗೆದು ೨೦೧೯ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪರೀಕ್ಷೆಗಳು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಆ ದೋಷಗಳ ಪ್ರಮಾಣ ಇಳಿದುದನ್ನು ಅದು ತೋರಿಸಿತು.

ಆದರೆ ಪರೀಕ್ಷೆಯನ್ನು ದೇವರ ವಾಕ್ಯವೆಂದು ಭಾವಿಸಬಾರದು. ಪ್ರಯೋಗಾಲಯವು ಯಾವ ತಪ್ಪನ್ನು ಹುಡುಕಿತೋ ಆ ತಪ್ಪಿನ ವಿಷಯವಾಗಿ ಮಾತ್ರ ಉತ್ತರ ಕೊಡುತ್ತದೆ. ಐರಿಷ್ ಸೆಟರಿನಲ್ಲಿ ಮೊದಲನೆಯ ರೋಗದ ಪರೀಕ್ಷೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ, ೨೦೧೩ರಲ್ಲಿ, ಅದೇ ತಳಿಯಲ್ಲಿಯೂ ಗೋರ್ಡನ್ ಸೆಟರಿನಲ್ಲಿಯೂ ಮುಪ್ಪಿನ ಕಡೆಗೆ ಕಾಣಿಸಿಕೊಳ್ಳುವ ಮತ್ತೊಂದು ಬಗೆಯ ಕ್ಷಯಕ್ಕೆ ಬೇರೆಯೇ ಜೀನಿನ ದೋಷ ಕಾರಣವೆಂದು ಪ್ರಕಟವಾಯಿತು. ಮೊದಲ ಪರೀಕ್ಷೆಯಲ್ಲಿ ನಿರ್ದೋಷಿಯೆನಿಸಿದ ನಾಯಿ ಎರಡನೆಯದರಲ್ಲಿ ವಾಹಕವಾಗಿರಬಹುದು. ಆದುದರಿಂದ ಪಶುವೈದ್ಯರು ಉಪಕರಣ ಹಿಡಿದು ಕಣ್ಣನ್ನು ನೋಡುವ ಹಳೆಯ ಕ್ರಮವನ್ನು ಬಿಡತಕ್ಕದ್ದಲ್ಲ. ಎರಡೂ ಜೊತೆಜೊತೆಯಾಗಿ ನಡೆಯಬೇಕು. ಮಾರುಕಟ್ಟೆಯಿಂದ ಜಾತಿಮರಿಯನ್ನು ತರುವ ಪಾಲಕರಿಗೆ ನಮ್ಮ ವಿನಂತಿ ಇಷ್ಟೇ: ಬಣ್ಣವನ್ನೂ ಬೆಲೆಯನ್ನೂ ಕೇಳುವ ಮುನ್ನ, ಮರಿಯ ತಂದೆತಾಯಿಗಳಿಗೆ ಕಣ್ಣಿನ ಪರೀಕ್ಷೆ ಆಗಿದೆಯೇ, ಪತ್ರ ಎಲ್ಲಿದೆ ಎಂದು ಕೇಳಿರಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಮಾಡಿಸತೊಡಗುತ್ತಾರೆ.

ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಮಾತನ್ನೂ ಹೇಳಬೇಕು. ಮುಧೋಳ ನಾಯಿಯ ಹೆಸರನ್ನು ಕೇಳದವರು ಈ ಸಭೆಯಲ್ಲಿ ಯಾರಿದ್ದಾರೆ? ಸಣ್ಣ ನಡುವಿನ, ನೀಳ ಕಾಲಿನ, ಗಾಳಿಯಂತೆ ಓಡುವ ಆ ಬೇಟೆನಾಯಿಯನ್ನು ಗಡಿಯ ಈಚೆಗೆ ಕಾರವಾನ್ ನಾಯಿಯೆಂದೂ ಕರೆಯುತ್ತಾರೆ. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದರ ಸಂವರ್ಧನೆಗೆಂದು ಸಂಶೋಧನ ಕೇಂದ್ರವಿದೆ. ಆ ನಾಯಿಗೆ ಈ ಕಣ್ಣಿನ ರೋಗವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಯಾವ ತಳಿಯನ್ನೇ ಆಗಲಿ ಕೆಲವೇ ಹೆಸರಾಂತ ನಾಯಿಗಳಿಂದ ಬೆಳೆಸಹೊರಟರೆ ಸೆಟರಿಗೆ ಬಂದ ಗತಿಯೇ ಅದಕ್ಕೂ ಬಂದೀತು. ನಮ್ಮ ಕುರಿಗಾರರ ಹಟ್ಟಿಗಳಲ್ಲಿ ಓಟ ಬಲ್ಲ, ಕಣ್ಣು ಚುರುಕಾದ, ಬಿಸಿಲು ತಾಳುವ ನಾಯಿಗಳು ಇನ್ನೂ ಇವೆ. ಪ್ರದರ್ಶನದ ಪದಕವಿಲ್ಲದ ಮಾತ್ರಕ್ಕೆ ಅವುಗಳನ್ನು ಕಡೆಗಣಿಸಬಾರದು.

ಈಗ ಈ ಕಥೆಯ ಸಂತೋಷದ ಭಾಗಕ್ಕೆ ಬರೋಣ. ಫ್ರಾನ್ಸ್ ದೇಶದ ಕುರಿನಾಯಿಯಾದ ಬ್ರಿಯಾರ್ ತಳಿಯಲ್ಲಿ ಹುಟ್ಟಿನಿಂದಲೇ ಬರುವ ಒಂದು ದೃಷ್ಟಿದೋಷವನ್ನು ೧೯೮೯ರಲ್ಲಿ ಸ್ವೀಡನ್ನಿನಲ್ಲಿ ವರ್ಣಿಸಿದರು. ಎ ಜೀವಸತ್ವದಿಂದ ಬರುವ ಒಂದು ವಸ್ತುವನ್ನು ಕಣ್ಣು ಬಳಸಿದ ಮೇಲೆ ಮತ್ತೆ ಬಳಕೆಗೆ ಸಿದ್ಧಮಾಡುವ ಜೀನೊಂದರಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗಿರುವುದೇ ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಇದೇ ಜೀನು ಕೆಟ್ಟರೆ ಮನುಷ್ಯ ಶಿಶುಗಳಿಗೂ ಎಳವೆಯಲ್ಲಿಯೇ ಕುರುಡು ಬರುತ್ತದೆ. ಇಲ್ಲಿ ವಿಜ್ಞಾನಿಗಳು ಪರೀಕ್ಷೆಯಲ್ಲಿಯೇ ನಿಲ್ಲಲಿಲ್ಲ. ಅಪಾಯವಿಲ್ಲದಂತೆ ಮಾಡಿದ ವೈರಸ್ಸಿನೊಳಗೆ ಒಳ್ಳೆಯ ಜೀನನ್ನಿಟ್ಟು ಕುರುಡು ನಾಯಿಯ ಅಕ್ಷಿಪಟದ ಕೆಳಗೆ ಚುಚ್ಚಿದರು. ನಾಯಿಗೆ ದೃಷ್ಟಿ ಬಂದಿತು! ೨೦೦೧ರಲ್ಲಿ ಈ ವಾರ್ತೆ ಪ್ರಕಟವಾದಾಗ ಜಗತ್ತು ಬೆರಗಾಯಿತು. ಹಾಗೆ ಕಣ್ಣು ಪಡೆದ ಲಾನ್ಸಲಾಟ್ ಎಂಬ ನಾಯಿಯನ್ನು ಅಮೆರಿಕದ ಶಾಸನಸಭೆಯ ಸದಸ್ಯರಿಗೂ ತೋರಿಸಿದರು. ಆ ಮೇಲೆ ಮನುಷ್ಯರಲ್ಲಿ ಪ್ರಯೋಗಗಳು ನಡೆದು, ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಜೀನಿನ ದೋಷವುಳ್ಳ ರೋಗಿಗಳಿಗೆ ಇಂಥ ಚಿಕಿತ್ಸೆಯನ್ನು ಕೊಡಲು ಒಪ್ಪಿಗೆ ನೀಡಿತು. ಅದರ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದಲ್ಲ. ಎರಡು ಕಣ್ಣುಗಳಿಗೆ ೮,೫೦,೦೦೦ ಡಾಲರುಗಳೆಂದು ಆರಂಭದಲ್ಲಿ ಗೊತ್ತುಪಡಿಸಿದ್ದರು. ಅದೂ ಆ ಒಂದು ಜೀನಿನ ದೋಷಕ್ಕೆ ಮಾತ್ರ ಮದ್ದು. ಆದರೂ ಒಂದು ಕಾಲಕ್ಕೆ ಹಣೆಬರಹವೆಂದು ಕೈಬಿಟ್ಟಿದ್ದ ಕುರುಡಿಗೆ ಔಷಧದ ಬಾಗಿಲು ತೆರೆದಂತಾಯಿತು. ಆ ಬಾಗಿಲ ದಾರಿಯನ್ನು ತೋರಿಸಿದ್ದು ನಾಯಿಗಳು.

ಪಾಲಕ ಬಂಧುಗಳೇ, ಇನ್ನು ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇವೆ. ತರಗತಿಯಲ್ಲಿ ಜಾಣನಾದ ಹುಡುಗನೊಬ್ಬ ಸಂಜೆಯಾಗುತ್ತಲೇ ಎಡವುತ್ತಾನೆ, ಮಬ್ಬು ಬೆಳಕಿನಲ್ಲಿ ತನ್ನ ಚಪ್ಪಲಿಯನ್ನು ತಡಕಾಡುತ್ತಾನೆ, ಕತ್ತಲಾದ ಮೇಲೆ ಅಂಗಡಿಗೆ ಹೋಗು ಎಂದರೆ ಒಲ್ಲೆನೆನ್ನುತ್ತಾನೆ. ಅವನನ್ನು ಪುಕ್ಕಲನೆಂದೋ ಅಜಾಗರೂಕನೆಂದೋ ಗದರಿಸುವ ಮುನ್ನ ಒಮ್ಮೆ ಯೋಚಿಸಿರಿ. ಮಕ್ಕಳ ಇರುಳುಗುರುಡಿಗೆ ಎ ಜೀವಸತ್ವದ ಕೊರತೆ ಒಂದು ಕಾರಣ. ಅದು ಬೇಗ ತಿಳಿದರೆ ವಾಸಿಯಾಗತಕ್ಕದ್ದು. ಹಾಲು, ಮೊಟ್ಟೆ, ನುಗ್ಗೆಸೊಪ್ಪು, ಪಪ್ಪಾಯಿ, ಗಜ್ಜರಿ ಇವು ಅದನ್ನು ತಡೆಯುವ ಆಹಾರ. ಕೊರತೆಯಲ್ಲದಿದ್ದರೆ ಅಕ್ಷಿಪಟದ ಆನುವಂಶಿಕ ಕ್ಷಯವೂ ಆಗಿರಬಹುದು. ಯಾವುದೆಂದು ಹೇಳಬೇಕಾದವರು ಕಣ್ಣಿನ ವೈದ್ಯರು. ಆದುದರಿಂದ ತಡಮಾಡದೆ ಅವರ ಬಳಿಗೆ ಕರೆದೊಯ್ಯುವುದು ನಮ್ಮೆಲ್ಲರ ಕರ್ತವ್ಯ. ಗುರುಗಳಿಗೂ ಈ ಮಾತು ಅನ್ವಯಿಸುತ್ತದೆ.

ಎರಡನೆಯ ಮಾತು ತುಸು ಸೂಕ್ಷ್ಮವಾದುದು. ಇಂಥ ಮಗು ಹುಟ್ಟಿದ ಮನೆಗಳಲ್ಲಿ ದೂಷಣೆಯ ಭಾರವೆಲ್ಲ ತಾಯಿಯ ತಲೆಯ ಮೇಲೆ ಬೀಳುವುದನ್ನು ಲೋಕ ನೋಡುತ್ತ ಬಂದಿದೆ. ಅವಳ ಕಾಲ್ಗುಣ, ಅವಳ ತವರಿನ ದೋಷ, ಗ್ರಹಣ ನೋಡಿದ ಫಲ, ಹೀಗೆ ನೂರು ಮಾತು ಹುಟ್ಟುತ್ತವೆ. ಇದುವರೆಗೆ ಹೇಳಿದ ಲೆಕ್ಕವನ್ನು ಈಗ ನೆನೆಯಿರಿ. ಈ ಬಗೆಯ ರೋಗಗಳಲ್ಲಿ ತಂದೆಯದೊಂದು, ತಾಯಿಯದೊಂದು, ಎರಡೂ ಸೇರಿದ ಹೊರತು ರೋಗವಿಲ್ಲ. ಇಬ್ಬರೂ ಆರೋಗ್ಯವಂತರು, ಇಬ್ಬರೂ ನಿರಪರಾಧಿಗಳು. ಎಳೆ ಎಂದೋ ಯಾವ ಮುತ್ತಜ್ಜನ ಕಾಲದಲ್ಲಿಯೋ ಕಡಿದದ್ದು. ನಮ್ಮ ನಿಮ್ಮಂಥ ಆರೋಗ್ಯವಂತರಲ್ಲಿಯೂ ಇಂಥ ಒಂದಲ್ಲ ಒಂದು ಕಡಿದ ಎಳೆ ಅಡಗಿರುವುದು ಸಾಮಾನ್ಯ. ಹೀಗಿರುವಾಗ ಯಾರು ಯಾರನ್ನು ದೂಷಿಸುವುದು?

ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಹಾಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ ಎಂಬುದು ನಿಜ. ಆದರೆ ಒಂದೇ ಕಡೆ ಕಡಿದ ಎರಡು ಎಳೆಗಳು ಸಂಧಿಸುವ ಸಂಭವ ಅಲ್ಲಿ ಹೆಚ್ಚು ಎಂಬುದೂ ಅಷ್ಟೇ ನಿಜ. ಮನೆತನದಲ್ಲಿ ಕಣ್ಣಿನ ಇಂಥ ರೋಗ ಕಾಣಿಸಿಕೊಂಡಿದ್ದರೆ, ಒಳಸಂಬಂಧ ಬೆಳೆಸುವ ಮೊದಲು ತಜ್ಞ ವೈದ್ಯರ ಸಲಹೆ ಕೇಳುವುದು ವಿವೇಕ. ಅದನ್ನು ಮುಚ್ಚಿಡುವುದು ಮಾತ್ರ ವಿವೇಕವಲ್ಲ. ಮೇಲ್ನೋಟಕ್ಕೆ ಕಾಣದೆ ಇದ್ದುದೇ ಸೆಟರ್ ನಾಯಿಗಳ ರೋಗಕ್ಕೆ ಬಲವಾಗಿತ್ತು. ಅದು ಬಯಲಿಗೆ ಬಂದ ದಿನದಿಂದ ಇಳಿಮುಖವಾಗುವ ದಾರಿ ತೆರೆಯಿತು.

ಆದರೆ ಒಂದು ಎಚ್ಚರಿಕೆಯ ಮಾತು. ನಾಯಿಗಳ ಜೋಡಿಯನ್ನು ಯಜಮಾನ ಗೊತ್ತುಮಾಡುತ್ತಾನೆ. ಮನುಷ್ಯರು ಯಾರ ಹಟ್ಟಿಯ ಪಶುಗಳೂ ಅಲ್ಲ. ಒಳ್ಳೆಯ ತಳಿ, ಕೆಟ್ಟ ತಳಿ ಎಂದು ಮನುಷ್ಯರನ್ನು ವಿಂಗಡಿಸಹೊರಟವರು ಕಳೆದ ಶತಮಾನದಲ್ಲಿ ಮಾಡಿದ ಘೋರ ಕೃತ್ಯಗಳನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಮನುಷ್ಯನಿಗೆ ಪರೀಕ್ಷೆಯು ತಿಳಿವಳಿಕೆ ಕೊಡಬಹುದೇ ಹೊರತು ಅಪ್ಪಣೆ ಕೊಡಲಾರದು. ವಾಹಕನೆಂದು ತಿಳಿದವನಿಗೆ ಮದುವೆ ತಪ್ಪಿಸುವುದು, ರೋಗವಿರುವ ಮಗುವನ್ನು ಮೂಲೆಗೆ ತಳ್ಳುವುದು, ಇವೆರಡೂ ವಿಜ್ಞಾನದ ಹೆಸರಿನಲ್ಲಿ ಮಾಡುವ ಅಜ್ಞಾನ. ಕಣ್ಣು ಮಂದವಾದ ಮಗು ಮುಂದಿನ ಸಾಲಿನಲ್ಲಿ, ಒಳ್ಳೆಯ ಬೆಳಕಿನಲ್ಲಿ ಕುಳಿತು ಓದಬಲ್ಲುದು. ದೃಷ್ಟಿ ಪೂರ್ತಿ ಹೋದವರು ಬ್ರೈಲ್ ಲಿಪಿಯಲ್ಲಿ ಕನ್ನಡವನ್ನು ಓದಿ ಬರೆದು ಪದವೀಧರರಾಗಬಲ್ಲರು. ಅಂಥ ಮಗು ನಮ್ಮ ಶಾಲೆಯ ಬಾಗಿಲಿಗೆ ಬಂದರೆ, ಅದರ ಕೈಹಿಡಿದು ತರಗತಿಗೆ ಕರೆತರುವ ಗೆಳೆಯರು ನೀವಾಗಬೇಕು, ವಿದ್ಯಾರ್ಥಿಗಳೇ.

ನಿಮ್ಮಲ್ಲಿ ಯಾರಾದರೊಬ್ಬರು ನಾಳೆ ಪಶುವೈದ್ಯರಾಗಬಹುದು, ಕಣ್ಣಿನ ವೈದ್ಯರ ಸಹಾಯಕರಾಗಬಹುದು, ಡಿ.ಎನ್.ಎ. ಲಿಪಿಯನ್ನು ಓದುವ ವಿಜ್ಞಾನಿಗಳೂ ಆಗಬಹುದು. ಆ ಲಿಪಿಯಲ್ಲಿರುವುದು ನಾಲ್ಕೇ ಅಕ್ಷರ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಕ್ಷರಗಳ ಲಿಪಿಯನ್ನು ನೀವು ಒಂದನೆಯ ಇಯತ್ತೆಯಲ್ಲಿಯೇ ಕಲಿತವರು! ಓದಿ ಬಲ್ಲವರಾಗಿರಿ, ಓದಿದುದನ್ನು ಮನೆಯಲ್ಲಿ ಹಿರಿಯರಿಗೆ ವಿನಯದಿಂದ ತಿಳಿಸಿರಿ.